ಪಳ್ಳದ ನಡುವಿನ ಅಕೇಶಿಯಾ

“ಇಳಿಸಬೇಡ ಕುಂಞ! ಇದರ ಒಂದು ತುಂಡೂ ನನ್ನ ಅಂಗಳಕ್ಕೆ ಬೀಳಬಾರದು.”

ಸೌದೆ ತುಂಬಿದ ಜೀಪಿಗೆ ಅಕ್ಕು ಅಡ್ಡ ನಿಂತಳು. ಗಂಡ ಲೋಕಯ್ಯನ ದೇಹ ಜಗಲಿಯಲ್ಲಿತ್ತು. ಐದು ಸೆಂಟಿನ ಹಿತ್ತಿಲಿನಲ್ಲಿ ಚಿತೆಗೆ ಕಡಿಯಲು ಮಾವಿನ ಮರವಿರಲಿಲ್ಲ. ಮೈದುನ ಕುಂಞ ಮರದ ಮಿಲ್ಲಿಗೆ ಹೋಗಿ ಬಂದಿದ್ದ.

“ಎಂತ ಅತ್ತಿಗೆ, ಸೌದೆಗೂ ಜಾತಿ ಉಂಟಾ?”

“ಅಕೇಶಿಯಾ ಅಲ್ವಾ ಇದು? ಹತ್ತು ವರ್ಷ ಇದನ್ನು ಕಡಿಯಿರಿ ಅಂತ ಅರ್ಜಿ ಬರೆದವರು ನಿನ್ನ ಅಣ್ಣ. ಇದರ ಮೇಲೆಯೇ ಮಲಗಿಸ್ತೀಯಾ ಅವರನ್ನು?”

“ಮೋಡ ಕಟ್ಟಿದೆ ಮಾರಾಯ್ತಿ,” ನೆರೆಮನೆಯ ಮಹಾಲಿಂಗ ಗೊಣಗಿದ. “ಮಳೆ ಬಂದರೆ ಇದೂ ಉರಿಯುವುದಿಲ್ಲ.”

*

ಈ ಮರ ಊರಿಗೆ ಬಂದದ್ದು ಎರಡು ಸಾವಿರದ ಒಂದರ ಜೂನಿನಲ್ಲಿ. ಗುಡ್ಡದ ಮೇಲಿನ ಪಳ್ಳವೆಂದರೆ ಬೇಸಿಗೆಯಲ್ಲೂ ಕಾಲು ಹೂತುಹೋಗುವ ಜೌಗು. ಅಲ್ಲಿನ ಕೇದಗೆ, ಕುಂಟಾಲದ ಪೊದೆಗಳನ್ನು ಸವರಿ ಅಕೇಶಿಯಾ ಸಸಿ ನೆಡುವ ಸರ್ಕಾರಿ ಕೂಲಿ ಸಿಕ್ಕಿತ್ತು ಲೋಕಯ್ಯನಿಗೆ.

“ಬೆರಳುದ್ದ ಉಂಟಷ್ಟೆ. ಪಾಪ, ಬದುಕುವುದು ಸಂಶಯ,” ಎಂದು ಬುಟ್ಟಿಯ ಸಸಿಗಳಿಗೆ ತನ್ನ ಹೆಗಲ ಬೈರಾಸು ಹೊದಿಸಿದ್ದ.

ಎಲ್ಲವೂ ಬದುಕಿದವು, ಪಳ್ಳದ ನೀರು ಹೀರಿ ಬೆಳೆದವು. ಏಳನೆಯ ವರ್ಷ ಪಳ್ಳ ಮಾರ್ಚಿಗೇ ಬಿರುಕು ಬಿಟ್ಟಿತು. ಮರುವರ್ಷ ಕೆಳಗಿನ ಬಾವಿಯೂ ಬತ್ತಿತು. ಲೋಕಯ್ಯ ಅರ್ಜಿ ಹಿಡಿದು ಬಸ್ಸು ಹತ್ತಿದ. ಒಂದು ಆಫೀಸು ಇನ್ನೊಂದಕ್ಕೆ ಕಳುಹಿಸಿತು.

“ನೆಟ್ಟದ್ದು ಯಾರು?” ಎಂದು ಒಬ್ಬರು ಕೇಳಿದರಂತೆ. “ನಾನೇ,” ಎಂದಾಗ ನಕ್ಕರಂತೆ. ಅಂದು ಅವನು ಊಟ ಮಾಡಲಿಲ್ಲ.

*

“ಇದು ಬೇಡವಾದರೆ ಗುಡ್ಡದಿಂದಲೇ ಕಡಿಯುವ,” ಎಂದ ಮಹಾಲಿಂಗ. “ಹೆಣ ಸುಡಲಿಕ್ಕೆ ಅಂದರೆ ಫಾರೆಸ್ಟ್ ಗಾರ್ಡೂ ಕೇಳುವುದಿಲ್ಲ.”

“ಅಲ್ಲಿರುವುದೂ ಇದೇ ಅಲ್ವಾ!” ಕುಂಞ ರೇಗಿದ.

ಅಕ್ಕು ತಿರುಗಿದಳು. “ಕೇಳುವುದಿಲ್ಲವಾ?”

“ಯಾರು ಕೇಳ್ತಾರೆ?”

ಹತ್ತು ವರ್ಷದ ಅರ್ಜಿಗೆ ಸಿಗದ ಅಪ್ಪಣೆ ಒಂದು ಹೆಣಕ್ಕೆ ಸಿಗುತ್ತದೆ! ಅಕ್ಕು ಗುಡ್ಡದ ಕಡೆ ಕೈ ತೋರಿಸಿದಳು.

“ಹಾಗಾದರೆ ಹೋಗಿ, ಪಳ್ಳದ ನಡುವಿನದ್ದನ್ನು ಕಡಿಯಿರಿ. ಬುಡದವರೆಗೆ. ಅದರ ಮೇಲೆ ಮಲಗಿದರೆ ಅವರು ಬೇಡ ಅನ್ನಲಿಕ್ಕಿಲ್ಲ.”

“ಹಸಿ ಮರ ಅತ್ತಿಗೆ...”

“ಮಾವಿನ ಮರವಾದರೂ ಹಸಿಯದ್ದನ್ನೇ ಅಲ್ವಾ ಇಡುವುದು? ಉರಿಸಲಿಕ್ಕೆ ತೆಂಗಿನ ಗೆರಟೆ ನಾನು ಕೊಡ್ತೇನೆ.”

*

ಸಂಜೆ ಚಿತೆ ಕುಸಿದ ಮೇಲೆ, ಮಿಂದ ಒದ್ದೆ ಕೂದಲಿನಲ್ಲೇ ಅಕ್ಕು ಗುಡ್ಡ ಹತ್ತಿದಳು. ಗಂಡನ ಬೈರಾಸು ಹೆಗಲ ಮೇಲಿತ್ತು.

ಪಳ್ಳದ ನಡುವೆ ಒಂದು ಮರದಷ್ಟು ಆಕಾಶ ತೆರೆದಿತ್ತು. ಅಲ್ಲಿಂದ ಇಳಿದ ಕೊನೆಯ ಬೆಳಕು ಕಡಿದ ಬುಡದ ಸುತ್ತ ಬಿದ್ದಿತ್ತು. ಆ ಒಣ ನೆಲದ ತುಂಬ ಬೆರಳುದ್ದದ ಅಕೇಶಿಯಾ ಸಸಿಗಳು, ಒತ್ತೊತ್ತಾಗಿ.

ಅಕ್ಕು ಬೈರಾಸನ್ನು ನೆಲಕ್ಕೆ ಹಾಸಿದಳು. ಸೆರಗು ಸಿಕ್ಕಿಸಿ ಕುಕ್ಕರಗಾಲಿನಲ್ಲಿ ಕುಳಿತು, ಒಂದನ್ನು ಕಿತ್ತು ಅದರ ಮೇಲೆ ಹಾಕಿದಳು. ಇನ್ನೊಂದಕ್ಕೆ ಕೈ ಚಾಚಿದಳು.