ಅಪ್ಪನ ಬಂದೂಕಿಗೆ ನಾನು ಹಚ್ಚಿದ ಎಣ್ಣೆ

ಇಪ್ಪತ್ತೆರಡು ವರ್ಷ ಅಪ್ಪನ ಬಂದೂಕಿಗೆ ಎಣ್ಣೆ ಹಚ್ಚಿದವಳು ನಾನು. ಹೇಳಿಕೊಟ್ಟವನು ನನ್ನ ತಮ್ಮ ಆರ್ವಿಡ್, ಅದೂ ಕಿಟಕಿಯಾಚೆ ಜಗಲಿಯಲ್ಲಿ ಕಾಫಿ ಹಿಡಿದು ನಿಂತು.

"ಎಷ್ಟು ಸುರೀತೀಯೇ ಅಕ್ಕ! ಅದೇನು ತಲೆಕೂದಲಾ?"

"ಬಾಯ್ಮುಚ್ಕೊಂಡು ಕಾಫಿ ಕುಡಿಯೋ."

ಇಪ್ಪತ್ಮೂರರ ಬಿಸಿರಕ್ತದಲ್ಲಿ ಬಾರಿನಲ್ಲಿ ಒಬ್ಬನ ದವಡೆ ಮುರಿದು ಜೈಲು ಕಂಡು ಬಂದವನು ಅವನು. ಅಂಥವರು ಇಲ್ಲಿನ ಕಾನೂನಿನಂತೆ ಬಂದೂಕು ಮುಟ್ಟುವಂತಿಲ್ಲ. ಅದಕ್ಕೇ ಅದು ನನ್ನ ಮನೆಯ ಬೀರುವಿನಲ್ಲಿ, ಬೀಗದ ಕೈ ನನ್ನ ಕೊರಳಲ್ಲಿ. ಮಿನ್ನೆಸೋಟಾದ ನಮ್ಮೂರಲ್ಲಿ ನವೆಂಬರ್ ಬಂತೆಂದರೆ ಎಲ್ಲರೂ ಜಿಂಕೆ ಬೇಟೆಗೆ ಹೊರಡುತ್ತಾರೆ. ಇವನ ಪಾಲಿಗೆ ಬಂದದ್ದು ಬೇಟೆಗಾರರ ಕಣ್ಣಿಗೆ ದೂರದಿಂದಲೇ ಬೀಳುವ ಕೇಸರಿ ಅಂಗಿ ತೊಟ್ಟು, ಚಪ್ಪಾಳೆ ತಟ್ಟುತ್ತಾ ಪೊದೆ ನುಗ್ಗಿ, ಜಿಂಕೆಗಳನ್ನು ಬೇರೆಯವರ ಗುರಿಗೆ ಓಡಿಸುವ ಕೆಲಸ. ಬೇಟೆಗೆ ಕೂರಲು ಅಪ್ಪ ಮರದ ಮೇಲೆ ಕಟ್ಟಿದ ಅಟ್ಟಣೆ, ಅಪ್ಪ ಹೋದ ಮೇಲೆ ಖಾಲಿಯಾಗಿಯೇ ಇತ್ತು. ಅಲ್ಲಿ ಅಪ್ಪನ ಬಂದೂಕು ಹಿಡಿದು ಕೂರಬೇಕು ಎನ್ನುವುದೊಂದೇ ಅವನ ಹಟ.

ಕಳೆದ ವಸಂತದಲ್ಲಿ ಕೋರ್ಟು ಅವನ ಅಪರಾಧದ ದಾಖಲೆಯನ್ನು ಅಳಿಸಿತು. ಆದೇಶ ಹಿಡಿದು ಓಡಿಬಂದ. ನಾನೂ ಹಿಗ್ಗಿ ಬೀಗದ ಕೈ ತೆಗೆದೆ. ಪುಣ್ಯಕ್ಕೆ, ಬೀಗ ತೆಗೆಯುವ ಮುಂಚೆ ಕೋರ್ಟಿನ ಕಚೇರಿಗೆ ಒಂದು ಫೋನು ಮಾಡಿದೆ.

"ದಾಖಲೆ ಅಳಿಸಿದ ಮಾತ್ರಕ್ಕೆ ಬಂದೂಕಿನ ಹಕ್ಕು ವಾಪಸ್ ಬರಲ್ಲಮ್ಮ," ಎಂದಳು ಗುಮಾಸ್ತೆ. "ಅದಕ್ಕೆ ಬೇರೆ ಅರ್ಜಿ ಹಾಕ್ಬೇಕು."

ನನಗೆ ಅಳುವೇ ಬಂತು. ಆರ್ವಿಡ್ ಕೈ ಕಟ್ಟಿಕೊಂಡು ಮತ್ತೆ ಜಗಲಿಗೆ ಹೋಗಿ ನಿಂತ.

"ಕೀ ಕೊರಳಿಗೆ ಹಾಕ್ಕೋ ಅಕ್ಕ. ಇನ್ನೊಂದು ಅರ್ಜಿ ತಾನೇ? ಹಾಕಿದ್ರಾಯ್ತು."

ಅಕ್ಟೋಬರಿನಲ್ಲಿ ಆ ಅರ್ಜಿ ವಿಚಾರಣೆಗೆ ಬಂತು. ಸರ್ಕಾರಿ ವಕೀಲ ಮೂಗು ಮುರಿದ.

"ಬಂದೂಕು ಅಕ್ಕನ ಮನೇಲೇ ಇದೆ. ಇವರು ಇಷ್ಟು ವರ್ಷ ಮುಟ್ಟೇ ಇಲ್ಲ ಅಂದ್ರೆ ನಂಬೋದು ಹೇಗೆ?"

ನನಗೆ ಮೈಯೆಲ್ಲ ಉರಿದುಹೋಯಿತು. ಅರ್ಜಿಗೆ ಲಗತ್ತಿಸಿದ್ದ ಬಂದೂಕಿನ ಫೋಟೋ ತೋರಿಸಿ ನ್ಯಾಯಾಧೀಶೆಗೆ ಹೇಳಿದೆ:

"ನೋಡಿ ಮೇಡಂ, ಮರದ ಹಿಡಿಯೆಲ್ಲ ಅತಿಯಾಗಿ ಎಣ್ಣೆ ಕುಡಿದು ಕಪ್ಪಾಗಿದೆ. ಇದು ನನ್ನ ಕೈಗುಣ. ಇವನು ಒಂದೇ ಒಂದು ಸಲ ಮುಟ್ಟಿದ್ದಿದ್ರೂ ಅಪ್ಪನ ಬಂದೂಕಿಗೆ ಈ ಗತಿ ಬರೋಕೆ ಬಿಡ್ತಿದ್ನಾ?"

ಆಕೆಯೂ ಬೇಟೆಗಾರರ ಮನೆಯವರೇ. ಫೋಟೋವನ್ನು ಎರಡು ಸಲ ನೋಡಿದರು. ಆಮೇಲೆ ಹಕ್ಕು ಮರಳಿಸುವ ಆದೇಶಕ್ಕೆ ಸಹಿ ಹಾಕಿದರು.

ಬೇಟೆಯ ಮೊದಲ ದಿನ ಬೆಳಿಗ್ಗೆ ಕೀಯನ್ನು ಅವನ ಕೈಗೇ ಕೊಟ್ಟೆ. ಬಂದೂಕು ಎತ್ತಿಕೊಂಡು ಕಪ್ಪಾದ ಹಿಡಿಯನ್ನು ಸವರಿದ. ಕಣ್ಣು ತುಂಬಿತ್ತು.

"ಹಾಳು ಮಾಡಿದೀಯಲ್ಲೇ," ಎಂದು ತಿರುಗಿ ನನ್ನನ್ನು ನೋಡಿದ. "ಅರೆ, ನನ್ನ ಹಳೇ ಕೇಸರಿ ಅಂಗಿ ನೀನ್ಯಾಕೆ ಹಾಕ್ಕೊಂಡೆ?"

"ಹೋಗಿ ಅಪ್ಪನ ಅಟ್ಟಣೆ ಹತ್ತೋ," ಎಂದೆ. "ಈ ವರ್ಷ ಜಿಂಕೆ ಓಡಿಸೋಳು ನಾನು."