ಕಹಿಯಾದ ಮದುವೆ ಮಾಂಸ

ಬಲಿ ಕೊಯ್ಯುವ ಸೋಸಿಸನ ಚೂರಿ ಜಾರಿ ಕುರಿಯ ಪಿತ್ತಕೋಶ ಒಡೆಯಿತು. ಹಸಿರು ರಸ ಮಾಂಸದ ಮೇಲೆಲ್ಲ ಹರಿಯುವುದನ್ನು ಕಂಡು ಪೂಜಾರಿಣಿ ಟಿಮಾರೆಟೆ ಹಣೆ ಚಚ್ಚಿಕೊಂಡಳು. ಆರ್ಗೋಸ್ ಪಟ್ಟಣದಲ್ಲಿ ಮದುವೆಗೆ ಮುಂಚೆ ಹೇರಾದೇವಿಗೆ ಬಲಿ ಕೊಡುವಾಗ ನಾಜೂಕಿನ ಕೆಲಸ ಅಂತ ಇರುವುದು ಇದೊಂದೇ. ಪಿತ್ತವನ್ನು ಇಡಿಯಾಗಿ ತೆಗೆದು ಬಲಿಪೀಠದ ಹಿಂದಕ್ಕೆಸೆಯಬೇಕು, ಗಂಡ ಹೆಂಡಿರ ನಡುವೆ ಕಹಿ ಉಳಿಯಬಾರದು ಎಂದು.

"ಇಪ್ಪತ್ತು ವರ್ಷದಿಂದ ಕೊಯ್ತಿದ್ದೀಯ, ಇವತ್ತೇ ಕೈ ನಡುಗ್ಬೇಕಿತ್ತಾ?"

"ನೆನ್ನೆ ದ್ರಾಕ್ಷಾರಸ ಸ್ವಲ್ಪ ಜಾಸ್ತಿ ಆಯ್ತಮ್ಮಾ," ಎಂದ ಸೋಸಿಸ್.

ಅಷ್ಟರಲ್ಲಿ ಗಂಡಿನ ತಂದೆ ಲಾಂಪ್ರಿಯಾಸ್ ಎದ್ದು ನಿಂತ. "ದೇವಿ ಮುನಿದಿದ್ದಾಳೆ! ಹುಡುಗಿ ಕಾಲ್ಗುಣ ನೋಡಿ. ನಮಗೆ ಈ ಸಂಬಂಧವೇ ಬೇಡ."

ಮದುಮಗಳು ಫಾಯೆನ್ನಾ ಬಿಕ್ಕಿ ಬಿಕ್ಕಿ ಅತ್ತಳು. ಬೆಳಗ್ಗೆ ತಾನೇ ದೇವಿಗೆ ಮುಡಿ ಕೊಟ್ಟು ಬಂದಿದ್ದಳು ಪಾಪ. ಮುಡಿ ಕೊಟ್ಟ ಮೇಲೆ ಮದುವೆ ಮುರಿದ ಹುಡುಗಿಯನ್ನು ಮತ್ತೆ ಯಾರೂ ಕೇಳಿಕೊಂಡು ಬರುವುದಿಲ್ಲ.

ಟಿಮಾರೆಟೆಗೆ ರೇಗಿಹೋಯಿತು. ಯಾವಾಗ ನೋಡಿದರೂ ಇದೇ ರಾಗ! ಹಾಲು ಒಡೆದರೆ ಹೇರಾ ಮುನಿದಳು, ಹಸು ತಿಂಗಳು ತುಂಬದೆ ಕಂದು ಹಾಕಿದರೆ ಹೇರಾ ಮುನಿದಳು. ಹೊಟ್ಟೆಕಿಚ್ಚಿನವಳು ಎಂಬ ಹೆಸರು ಬೇರೆ. ಅವಳ ಗಂಡ ಜೀಯಸ್ ಊರೂರು ಮೇದು ಬರುವುದಕ್ಕೆ ಮಾತ್ರ ಯಾರೂ ಚಕಾರ ಎತ್ತುವುದಿಲ್ಲ.

"ಮುನಿದಿದ್ರೂ ಮುನಿದಿರ್ಬಹುದು," ಎಂದಳು. "ಆದ್ರೆ ಅವಳಿಗೆ ಎಂಥವರನ್ನ ಕಂಡ್ರೆ ಕೋಪ ಅಂತ ನಿಮಗೆ ಗೊತ್ತಲ್ಲ? ಮದುವೆಯಾದ ಗಂಡಸ್ರೆಲ್ಲ ಸಾಲಾಗಿ ಬನ್ನಿ. ಪೀಠದ ಮೇಲೆ ಕೈಯಿಟ್ಟು, ಹೆಂಡ್ತಿ ಬಿಟ್ಟು ಇನ್ನೊಬ್ಬಳನ್ನ ಮುಟ್ಟಿಲ್ಲ ಅಂತ ಆಣೆ ಮಾಡಿ. ಎಲ್ರೂ ಮಾಡಿದ್ರೆ ತಪ್ಪು ಹುಡುಗೀದೇ, ಮದುವೆ ನಿಲ್ಸೋಣ. ಲಾಂಪ್ರಿಯಾಸ್ ಯಜಮಾನ್ರೆ, ಮೊದ್ಲು ನೀವೇ."

ಒಬ್ಬನಿಗೆ ಕೆಮ್ಮು ಬಂತು. ಇನ್ನೊಬ್ಬನ ಚಪ್ಪಲಿ ಬಾರು ಸಡಿಲವಾಯಿತು. ಲಾಂಪ್ರಿಯಾಸ್ ಹೊದ್ದ ಬಟ್ಟೆಯನ್ನೇ ಎರಡು ಸಲ ಸರಿಮಾಡಿಕೊಂಡ.

"ಹೋಗ್ರಿ, ಯಾಕೆ ನಿಂತ್ರಿ?" ಎಂದು ಅವನ ಹೆಂಡತಿ ಹಿಂದಿನಿಂದ ತಿವಿದಳು.

"ಚೂರಿ ಜಾರಿದ್ದಷ್ಟೇ ಅಲ್ವಾ? ಅದಕ್ಕೆಲ್ಲ ದೇವೀನ ಯಾಕೆ ಎಳೀಬೇಕು?" ಎಂದ ಲಾಂಪ್ರಿಯಾಸ್.

"ಹಾಗಾದ್ರೆ ಮದುವೆ ನಡೀತದೆ," ಎಂದಳು ಟಿಮಾರೆಟೆ. " ಆಣೆ ಮಾಡೋಕಾಗದವ್ರು ಕೂತು ಈ ಕಹಿ ಮಾಂಸ ತಿನ್ನಿ. ಒಬ್ರೂ ಉಗುಳೋ ಹಾಗಿಲ್ಲ."

ಸುಟ್ಟ ಮಾಂಸ ಬಂತು. ಊರಿನ ದೊಡ್ಡ ದೊಡ್ಡ ಗಂಡಸರು ಮುಖ ಕಿವುಚಿಕೊಂಡು ಅಗಿದರು. ಫಾಯೆನ್ನಾ ಕಣ್ಣೊರೆಸಿಕೊಂಡು ಕಿಸಕ್ಕನೆ ನಕ್ಕಳು. ಟಿಮಾರೆಟೆಗೂ ನಗು ಬಂತು, ತನ್ನ ಗಂಡ ದೆಯ್ನಿಯಾಸ್ ಕಣ್ಣಿಗೆ ಬೀಳುವವರೆಗೆ.

ಆಣೆಗೆ ಕರೆಯುವಾಗ ಅವನ ನೆನಪೇ ಅವಳಿಗೆ ಬಂದಿರಲಿಲ್ಲ. ಮನೆಯಲ್ಲಿ ಬೇಳೆಗೆ ಒಂದು ಹರಳು ಉಪ್ಪು ಹೆಚ್ಚಾದರೂ ತಟ್ಟೆ ಸರಿಸುವವನು, ಇಲ್ಲಿ ಸಾಲಿನ ಕೊನೆಯಲ್ಲಿ ಕೂತು ಬೇಗಬೇಗ ಅಗಿಯುತ್ತಿದ್ದ. ಅವಳು ಸಾಲು ದಾಟಿ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು:

"ನೀವ್ಯಾಕ್ರೀ ತಿಂತೀರಿ? ಪೀಠ ಅಲ್ಲೇ ಇದೆ. ಹೋಗಿ ಕೈಯಿಟ್ಟು ಬನ್ನಿ."

ದೆಯ್ನಿಯಾಸ್ ತಲೆಯೆತ್ತಲಿಲ್ಲ.

"ಇನ್ನೊಂದು ತುಂಡು ಹಾಕು," ಎಂದ.