ಭಾಲ್ಕಿಗೆ ಹೋದ ಡಬ್ಬಿ

ಔರಾದಿನಲ್ಲಿ ಬುದ್ಧಿ ಇರುವವನು ತಾನೊಬ್ಬನೇ ಎಂಬುದು ಫೋಟೋ ಸ್ಟುಡಿಯೋದ ವೈಜಿನಾಥನ ಗಟ್ಟಿ ನಂಬಿಕೆ. ಅವನ ಲೆಕ್ಕದಲ್ಲಿ ಭಾಲ್ಕಿಯವರು ಮಂದಬುದ್ಧಿಯವರು, ಬೀದರಿನವರು ಬರೀ ಬಾಯಿಬಡುಕರು. ಮಳೆ ಕೈಕೊಟ್ಟು ಜನ ಪುಣೆ, ಹೈದರಾಬಾದಿನ ದಾರಿ ಹಿಡಿದ ಆ ವರ್ಷವಂತೂ ಅವನ ತಾತ್ಸಾರಕ್ಕೆ ಮಿತಿಯೇ ಇರಲಿಲ್ಲ. ಊರು ಬಿಡುವ ಮುಂಚೆ ಮದುವೆ ಮುಗಿಸುವ ಅವಸರ ಎಲ್ಲರಿಗೂ. ಮದುವೆಯ ವಿಡಿಯೋ ಕೂಡ ಹೊರಡುವುದರೊಳಗೆ ಕೈಗೆ ಬರಬೇಕು.

“ವಿಡಿಯೋ ಮಿಕ್ಸಿಂಗ್ ಅಂದ್ರ ಮಿರ್ಚಿ ಭಜಿ ಕರದಂಗ ತಿಳ್ಕೊಂಡಾರ,” ಎಂದು ಹೆಂಡತಿ ಲಲಿತಾಬಾಯಿಯ ಮುಂದೆ ಮೂಗು ಮುರಿಯುತ್ತಿದ್ದ.

ಅವನ ಹಳೆಯ ಕಂಪ್ಯೂಟರಿಗೆ ಒಂದು ಮದುವೆಯ ವಿಡಿಯೋ ಜೋಡಿಸಿ ಹೊರಹಾಕಲು ಅರ್ಧ ದಿನ ಬೇಕಿತ್ತು. ಅದನ್ನು ಭಾಲ್ಕಿಯಲ್ಲಿ ಹೊಸದಾಗಿ ಅಂಗಡಿ ಇಟ್ಟ ಮಹಮ್ಮದ ಇಸ್ಮಾಯಿಲನಿಗೆ ಮಾರಿ, “ಒಯ್ಯಿ, ಈ ಡಬ್ಬಿ ನಿನಗೇ ಸರಿ,” ಎಂದು ಸಾಗಹಾಕಿದ. ಹೊಸದು ಬಂತು. ಅದರ ವೇಗವೂ ಈ ಮಹಾಶಯನಿಗೆ ಸಾಲಲಿಲ್ಲ. ಪ್ರೊಸೆಸರ್ ಎಷ್ಟು ವೇಗದಲ್ಲಿ ಓಡಬೇಕೆಂದು ಕಂಪನಿಯವರು ಗೊತ್ತುಮಾಡಿದ್ದರೋ ಅದಕ್ಕಿಂತ ಮೇಲೇರಿಸಿದ. ಇದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆಂದು ಚಹಾದಂಗಡಿಯಲ್ಲಿ ಕೂತವರಿಗೆಲ್ಲ ಪಾಠ ಹೇಳಿದ. ಕಂಪನಿಯವರು ಪುಕ್ಕಲರಂತೆ, ಧೈರ್ಯವಿದ್ದವನು ಇವನಂತೆ.

ಒಂದೆರಡು ಮದುವೆ ಸರಾಗವಾಗಿ ಮುಗಿದವು. ಆಮೇಲೆ ಬಂದದ್ದು ಶಾಲುಬಾಯಿಯ ಮಗಳ ಮದುವೆ. ಶಾಲುಬಾಯಿ ಸಾಲಿಯಲ್ಲಿ ಬಿಸಿಯೂಟ ಮಾಡುವ ಹೆಂಗಸು. ಅಳಿಯನಿಗೆ ಪುಣೆಯಲ್ಲಿ ಕಟ್ಟಡದ ಕೆಲಸ. ಗಂಡಹೆಂಡಿರಿಬ್ಬರೂ ಭಾಲ್ಕಿಯಿಂದ ರೈಲು ಹತ್ತುವವರಿದ್ದರು. ಬುದ್ಧವಂದನೆಗೆ ಬಿಳಿ ಸೀರೆಯುಟ್ಟು ಕೂತ ತವರಿನವರನ್ನೆಲ್ಲ ಫೋನಿನಲ್ಲಿ ತುಂಬಿಕೊಂಡು ಹೋಗಬೇಕು, ಅಲ್ಲಿಯ ತಗಡಿನ ಶೆಡ್ಡಿನಲ್ಲಿ ಬೇಸರವಾದಾಗ ನೋಡಬೇಕು ಎಂಬುದು ಹುಡುಗಿಯ ಒಂದೇ ಆಸೆ. ಯಂತ್ರ ಮಾತ್ರ ಮಾಲೆ ಹಾಕುವಲ್ಲಿಗೆ ಬಂದಿತೆಂದರೆ ನೀಲಿ ಪರದೆ ತೋರಿಸಿ ಆರಿಹೋಗುತ್ತಿತ್ತು.

ವೈಜಿನಾಥ ಮೊದಲು ಔರಾದಿನ ಕರೆಂಟನ್ನು ಬೈದ. ಸ್ಟೆಬಿಲೈಸರ್ ತಂದು ಕೂಡಿಸಿದರೂ ಆರಿತು. ಧೂಳನ್ನು ಬೈದು ಊದಿ ಊದಿ ತೆಗೆದ. ರ‍್ಯಾಮ್ ಕಿತ್ತು ಸಾಲಿ ಹುಡುಗರ ರಬ್ಬರಿನಿಂದ ತಿಕ್ಕಿದ. ಆಗಲೂ ಆರಿದಾಗ ಬೀದರಿನ ಮೈಲೂರಲ್ಲಿ ಬಿಡಿಭಾಗ ಮಾರುವ, ಈ ಹೊಸ ಯಂತ್ರವನ್ನೂ ಕೊಟ್ಟಿದ್ದ ಅಮೀರ ಪಾಶಾನಿಗೆ ಫೋನ್ ಹಚ್ಚಿ, ಕೆಟ್ಟ ಮಾಲು ಕೊಟ್ಟಿದ್ದೀರೆಂದು ದಬಾಯಿಸಿದ.

ಪಾಶಾ ಸಮಾಧಾನದಿಂದ ಕೇಳಿ, “ಸ್ಪೀಡ್ ಮೊದಲಿದ್ದಲ್ಲಿಗಿ ಇಳಸ್ರಿ. ಆಗ ಆರದಂಗ ನಡದ್ರ ರೋಗ ಅಲ್ಲೇ ಅದ ಅಂತ ತಿಳೀತದ. ಒಂದೊಂದೇ ನೋಡ್ರಿ, ಎಲ್ಲಾ ಒಮ್ಮೆಲೆ ಕೈ ಹಚ್ಚಬ್ಯಾಡ್ರಿ,” ಎಂದ.

“ಇಳಸೋದು ನಿಮ್ಮಂಥವರ ಕೆಲಸ,” ಎಂದು ವೈಜಿನಾಥ ಫೋನ್ ಇಟ್ಟ. ಊರ ಮುಂದೆ ಅಷ್ಟು ಜಂಬ ಕೊಚ್ಚಿದ ಮೇಲೆ ಇಳಿಸುವುದೆಂದರೆ ಅವನಿಗೆ ಮೂಗು ಕೊಯ್ದಂತೆ. ಇಳಿಸುವ ಬದಲು ಪ್ರೊಸೆಸರಿಗೆ ಹೋಗುವ ವೋಲ್ಟೇಜ್ ಹೆಚ್ಚಿಸಿದ. ಪೆಟ್ಟಿಗೆ ಇನ್ನಷ್ಟು ಕಾಯ್ದು ಮಾಲೆಯವರೆಗೂ ಬಾರದೆ ಅರಿಶಿನದಲ್ಲೇ ಆರಿತು. ಆಗ ಅದರ ಪಕ್ಕದ ತಗಡು ಬಿಚ್ಚಿ, ಎದುರಿಗೆ ಕೂಲರ್ ತಂದಿಟ್ಟ. ಕೂಲರಿಗೆ ನೀರು ಬೇಕು. ಟ್ಯಾಂಕರಿನ ಮುಂದೆ ಬಡಿದಾಡಿ ಲಲಿತಾಬಾಯಿ ತಂದಿಟ್ಟ ಕೊಡಕ್ಕೇ ಕೈ ಹಾಕಿದ.

“ಮನ್ಯಾಗ ಕುಡ್ಯಾಕ ನೀರಿಲ್ಲ. ನಿಮ್ಮ ಪೆಟಿಗಿಗಿ ಜಳಕ ಮಾಡಸ್ತೀರೇನು?” ಎಂದಳು ಅವಳು.

“ನಿನಗೇನ್ ತಿಳೀತದ,” ಎಂದು ಅವನು ಕೊಡ ಬಗ್ಗಿಸಿದ. ಇಂಥವನಿಗೆ ನಾಚಿಕೆ ಎಂಬುದನ್ನು ಹುಟ್ಟಿದಾಗಲೇ ಯಾರೂ ಕಲಿಸಿರಲಿಕ್ಕಿಲ್ಲ.

ಶಾಲುಬಾಯಿ ದಿನಾ ಬಾಗಿಲಿಗೆ ಬಂದು, ಆಸ್ಪತ್ರೆಯಲ್ಲಿ ಮಲಗಿದವರನ್ನು ವಿಚಾರಿಸುವ ಹಾಗೆ, “ಮಷೀನಿಗಿ ಆರಾಮ ಆಯ್ತೇನ್ರಿ ಸರ್?” ಎನ್ನುತ್ತಿದ್ದಳು. ಅವಳಿಗೆ ಅವನು ತಲೆ ಎತ್ತಿ ಉತ್ತರ ಕೊಟ್ಟದ್ದೇ ಇಲ್ಲ.

ಕೂಲರಿನ ಒದ್ದೆ ಗಾಳಿ ಕುಡಿದು ಕುಡಿದು, ಮಗಳು ರೈಲು ಹತ್ತುವ ದಿನ ಬೆಳಿಗ್ಗೆ ಯಂತ್ರ ಹತ್ತಲೇ ಇಲ್ಲ. ಗುಂಡಿ ಒತ್ತಿದರೆ ಒಂದು ದೀಪವೂ ಇಲ್ಲ. ಶಾಲುಬಾಯಿ ಬಾಗಿಲಲ್ಲಿ ಗಂಟುಮೂಟೆಯೊಂದಿಗೆ ನಿಂತಿದ್ದಳು, ಹಿಂದೆ ಹೊಸ ಬಳೆ ತೊಟ್ಟ ಮಗಳು; ಅಳಿಯ ಸೀದಾ ಭಾಲ್ಕಿ ಸ್ಟೇಷನ್ನಿಗೆ ಬರುವವನಿದ್ದ. ಲಲಿತಾಬಾಯಿಯೇ ಒಳಗಿನಿಂದ ಗಂಡನಿಗೆ, “ಭಾಲ್ಕಿಗಿ ಹೋಗ್ರಿ. ಆ ಡಬ್ಬಿ ಅಲ್ಲಿ ಅದ ಅಲ್ಲ,” ಎಂದಳು.

ವೈಜಿನಾಥ ಹಾರ್ಡ್ ಡಿಸ್ಕ್ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು, ಅವರದೇ ಬಸ್ಸಿನಲ್ಲಿ, ಬೇರೆ ಸೀಟಿನಲ್ಲಿ ಮುಖ ತಿರುಗಿಸಿಕೊಂಡು ಭಾಲ್ಕಿಗೆ ಹೋದ.

ಇಸ್ಮಾಯಿಲನ ಅಂಗಡಿ ಎಂದರೆ ಒಂದು ಗೂಡು. ತಾಯಿಮಗಳು ಗಂಟುಮೂಟೆ ಕಾಯುತ್ತ ಹೊರಗೇ ಕೂತರು. ಮೂಲೆಯಲ್ಲಿ ಹಳೆಯ ಕಂಪ್ಯೂಟರ್ ಕೂತಿತ್ತು. ದಸರೆಯಲ್ಲಿ ಲಲಿತಾಬಾಯಿ ಹಚ್ಚಿದ್ದ ಕುಂಕುಮ ಕೂಡ ಹಾಗೇ ಇತ್ತು. ಇಸ್ಮಾಯಿಲ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ.

“ಉಸ್ತಾದ್, ನೀವ್ ಹ್ಯಾಂಗ ಸೆಟ್ ಮಾಡಿ ಕೊಟ್ಟಿದ್ರಿ ಹಂಗೇ ಇಟ್ಟೀನ್ರಿ. ಒಂದು ದಿನಾನೂ ನಿಂತಿಲ್ಲ,” ಎಂದ.

ಬಾಯ್ತುಂಬ ಹೊಗಳಿಕೆಯೇ ಅದು. ವೈಜಿನಾಥನಿಗೆ ಮಾತ್ರ ಅದು ಕಪಾಳಕ್ಕೆ ಬಿದ್ದಂತಾಯಿತು. ಡಿಸ್ಕ್ ಜೋಡಿಸಿ ಕೆಲಸ ಹಚ್ಚಿದ. ಅರಿಶಿನ ದಾಟಿತು, ವಂದನೆ ದಾಟಿತು. ಮಾಲೆಯ ಹೊತ್ತಿಗೆ ಅವನು ಮೂಗು ತಾಗುವಷ್ಟು ಪರದೆಗೆ ಬಾಗಿದ್ದ. ಡಬ್ಬಿ ಹೊಲಕ್ಕೆ ಹೊರಟ ಮುದುಕನಂತೆ ತನ್ನ ಪಾಡಿಗೆ ತಾನು ನಡೆದು, ಮಾಲೆಯನ್ನೂ ದಾಟಿತು. ಅದು ನಿಲ್ಲಲಿ ಎಂದು ಒಂದು ಗಳಿಗೆ ಅವನ ಒಳಗೇ ಯಾರೋ ಬಯಸಿದ್ದು ಅವನಿಗೆ ತಿಳಿಯಿತು. ಆಗ ಜೀವನದಲ್ಲಿ ಮೊದಲ ಸಲ ಅವನಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು.

ರಾತ್ರಿಯ ರೈಲಿಗೆ ಇನ್ನೂ ಹೊತ್ತಿರುವಾಗಲೇ ವಿಡಿಯೋ ಹುಡುಗಿಯ ಫೋನಿಗೆ ಇಳಿಯಿತು. ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತು ನೋಡತೊಡಗಿದಳು. ಶಾಲುಬಾಯಿ ಒಳಗೆ ಬಂದು ಡಬ್ಬಿಯನ್ನು ಮೆಲ್ಲಗೆ ಮುಟ್ಟಿದಳು. ಆಮೇಲೆ ವೈಜಿನಾಥನ ಕಡೆ ತಿರುಗಿ, ಕಷ್ಟದಲ್ಲಿರುವ ತಮ್ಮನಿಗೆ ಹೇಳುವ ಹಾಗೆ, “ಸರ್, ನೀವೂ ಇಂಥದೊಂದು ಮಷೀನ್ ತಗೋರಿ. ಭಾಳ ಚಲೋ ಅದ,” ಎಂದಳು.

ಇಸ್ಮಾಯಿಲ ಏನೋ ಹೇಳಲು ಬಾಯಿ ತೆರೆದ. ವೈಜಿನಾಥ ಮೇಜಿನ ಕೆಳಗೆ ಅವನ ಕಾಲು ತುಳಿದ.

“ಹೂಂರಿ,” ಎಂದ. “ತಗೋತೇನಿ.”